ಮರಿ ಬಿಯರ್ಡೆಡ್ ಡ್ರ್ಯಾಗನ್ ತಿನ್ನುತ್ತಿಲ್ಲವೇ? ಮೊದಲು ದೀಪ ನೋಡಿ

ಪ್ರಶ್ನೆ: ನಮ್ಮ ಮನೆಗೆ ಬಿಯರ್ಡೆಡ್ ಡ್ರ್ಯಾಗನ್ (ಓತಿಕ್ಯಾತದಂಥ ಸಾಕು ಸರೀಸೃಪ) ಮರಿ ತಂದು ಒಂದು ತಿಂಗಳಾಯಿತು. ಈಗ ಅದಕ್ಕೆ ಸುಮಾರು ಎರಡೂವರೆ ತಿಂಗಳು. ಬಂದ ಹೊಸದರಲ್ಲಿ ಚೆನ್ನಾಗಿ ತಿನ್ನುತ್ತಿತ್ತು. ಒಂದು ವಾರದಿಂದ ಮೀಲ್‌ವರ್ಮ್ ಹುಳ ಹಾಕಿದರೆ ಒಂದೆರಡು ತಿಂದು ಸುಮ್ಮನಾಗುತ್ತದೆ, ಹಗಲಲ್ಲೂ ಕಣ್ಣು ಮುಚ್ಚಿ ಮಲಗಿರುತ್ತದೆ. ನಿನ್ನೆಯಿಂದ ಹಿಂಗಾಲಿನ ಬೆರಳುಗಳು ಆಗಾಗ ಅದುರುತ್ತಿವೆ. ಟ್ಯಾಂಕಿನಲ್ಲಿ ಕ್ಯಾಲ್ಸಿಯಂ ಮರಳು, ಸುರುಳಿ ಆಕಾರದ ಯುವಿ (ನೇರಳಾತೀತ ಕಿರಣದ) ಬಲ್ಬ್, ರಾತ್ರಿಗೆ ಕೆಂಪು ದೀಪ ಇದೆ. ಗಾಜಿಗೆ ಅಂಟಿಸಿದ ಥರ್ಮಾಮೀಟರ್ 32 ಡಿಗ್ರಿ ತೋರಿಸುತ್ತದೆ. ಲೆಟ್ಯೂಸ್ ಇಡುತ್ತೇವೆ, ಮುಟ್ಟುವುದೇ ಇಲ್ಲ. ಇದು ಚಳಿಗಾಲದ ನಿದ್ದೆಯೇ? ಒಂಟಿಯಾಗಿದೆ, ಜೊತೆಗೆ ಇನ್ನೊಂದು ತರೋಣ ಅಂತ ಮಗಳು ಹೇಳುತ್ತಾಳೆ. ಏನು ಮಾಡಲಿ?

ಉತ್ತರ: ಚಳಿಗಾಲದ ನಿದ್ದೆ ಅಲ್ಲ. ಆ ನಿದ್ದೆ, ಅಂದರೆ ಬ್ರೂಮೇಶನ್, ದೊಡ್ಡ ಡ್ರ್ಯಾಗನ್‌ಗಳ ವಿಷಯ, ಸಾಮಾನ್ಯವಾಗಿ ವರ್ಷ ತುಂಬಿದ ಮೇಲೆ ಕಾಣಿಸಿಕೊಳ್ಳುತ್ತದೆ. ಎರಡೂವರೆ ತಿಂಗಳ ಮರಿಗೆ ಬೆಳೆಯುವುದು ಬಿಟ್ಟರೆ ಬೇರೆ ಕೆಲಸವೇ ಇಲ್ಲ. ಬೆಳಿಗ್ಗೆ ದೀಪ ಹತ್ತಿದ ಸ್ವಲ್ಪ ಹೊತ್ತಿಗೆ ಬಂದು ಮೈ ಕಾಯಿಸಿಕೊಳ್ಳಬೇಕು, ಹುಳ ಕಂಡರೆ ಓಡಿ ಹಿಡಿಯಬೇಕು, ತಿಂದು ಮತ್ತೆ ಬೆಚ್ಚಗೆ ಕೂರಬೇಕು. ಈ ವಯಸ್ಸಿನ ಮರಿ ಹಗಲಲ್ಲಿ ಕಣ್ಣು ಮುಚ್ಚಿ ಮಲಗಿದೆ, ತಿನ್ನುತ್ತಿಲ್ಲ ಅಂದರೆ ಅದಕ್ಕೆ ಹುಷಾರಿಲ್ಲ ಅಂತಲೇ ಇಟ್ಟುಕೊಳ್ಳಿ.

ಬೆರಳು ಅದುರುವ ವಿಷಯಕ್ಕೆ ಮೊದಲು ಬರೋಣ. ಉಳಿದದ್ದಕ್ಕೆ ಒಂದೆರಡು ದಿನ ಸಮಯ ಇದೆ, ಇದಕ್ಕೆ ಇಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಕಮ್ಮಿಯಾದಾಗ ನರ ಮತ್ತು ಸ್ನಾಯು ತಮ್ಮಷ್ಟಕ್ಕೆ ತಾವೇ ಸೆಳೆಯತೊಡಗುತ್ತವೆ. ಅದು ಮೊದಲು ಕಾಣುವುದು ಬೆರಳಲ್ಲಿ. ಆಮೇಲೆ ಕಾಲು, ಆಮೇಲೆ ಇಡೀ ಮೈ. ಮೂಳೆ ಮೆತ್ತಗಾಗುವ ಕಾಯಿಲೆಯ, ಅಂದರೆ ಎಂಬಿಡಿ ಅಂತ ಸಾಕುವವರೆಲ್ಲ ಕರೆಯುವ ಮೆಟಬಾಲಿಕ್ ಬೋನ್ ಡಿಸೀಸ್‌ನ ಲಕ್ಷಣ ಇದು. ನೀವು ಬರೆದಿರುವ ದೀಪ, ಊಟ ಎರಡನ್ನೂ ನೋಡಿದರೆ ನನಗೆ ಮೊದಲ ಅನುಮಾನ ಇದೇ. ಹಾಗಾಗಿ ಸರೀಸೃಪಗಳನ್ನು ನೋಡಿ ಅಭ್ಯಾಸ ಇರುವ ಪಶುವೈದ್ಯರ ಹತ್ತಿರ ಇವತ್ತೋ ನಾಳೆಯೋ ಕರೆದುಕೊಂಡು ಹೋಗಿ. ಮುಂದಿನ ವಾರ ನೋಡೋಣ ಅನ್ನಬೇಡಿ. ಅವರು ಎಕ್ಸ್‌ರೇ ತೆಗೆದು ಮೂಳೆ ಎಷ್ಟು ತೆಳುವಾಗಿದೆ ಅಂತ ನೋಡುತ್ತಾರೆ, ಕ್ಯಾಲ್ಸಿಯಂ ದ್ರಾವಣವನ್ನು ತೂಕಕ್ಕೆ ಸರಿಯಾಗಿ ಲೆಕ್ಕ ಹಾಕಿ ಬಾಯಿಗೋ ಇಂಜೆಕ್ಷನ್ ಆಗಿಯೋ ಕೊಡುತ್ತಾರೆ. ಮನೆಯಲ್ಲೇ ಹುಳದ ಮೇಲೆ ಕ್ಯಾಲ್ಸಿಯಂ ಪುಡಿ ಜಾಸ್ತಿ ಉದುರಿಸಿದರೆ ಆಯ್ತಲ್ವಾ ಅಂತ ಕೆಲವರು ಕೇಳುತ್ತಾರೆ. ತಿನ್ನದೇ ಇರುವ ಮರಿಗೆ ಪುಡಿ ಉದುರಿಸಿ ಏನು ಪ್ರಯೋಜನ?

ಹೋಗುವ ತನಕ ಟ್ಯಾಂಕಿನಲ್ಲಿರುವ ಎತ್ತರದ ಕೊಂಬೆ, ಕಲ್ಲು ತೆಗೆದುಬಿಡಿ. ಮೆತ್ತಗಾದ ಮೂಳೆ ಸ್ವಲ್ಪ ಎತ್ತರದಿಂದ ಬಿದ್ದರೂ ಮುರಿಯುತ್ತದೆ. ಎತ್ತಬೇಕಾದರೆ ಎದೆ, ಹೊಟ್ಟೆ, ಹಿಂಗಾಲು ಎಲ್ಲಕ್ಕೂ ಅಂಗೈ ಆಸರೆ ಕೊಟ್ಟು ಎತ್ತಿ. ಬಾಯಿ ಬಿಡಿಸಿ ಬಲವಂತವಾಗಿ ತಿನ್ನಿಸಲು ಹೋಗಬೇಡಿ, ದವಡೆಯೇ ಮುರಿಯಬಹುದು. ವೈದ್ಯರಲ್ಲಿಗೆ ಹೋಗುವಾಗ ಮೂರು ವಸ್ತು ಜೊತೆಗಿರಲಿ: ಹೊಸದಾಗಿ ಹಾಕಿದ ಹಿಕ್ಕೆ, ಒಂದು ಸಣ್ಣ ಡಬ್ಬಿಯಲ್ಲಿ. ಟ್ಯಾಂಕಿನ ಫೋಟೋ, ದೀಪಗಳೂ ಕಾಣುವಂತೆ. ಯುವಿ ಬಲ್ಬಿನ ಡಬ್ಬ ಅಥವಾ ಅದರ ಮೇಲಿರುವ ಬರಹದ ಫೋಟೋ. ಇಷ್ಟಿದ್ದರೆ ವೈದ್ಯರ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಂತೆ.

ಇನ್ನು ಯಾಕೆ ಹೀಗಾಯಿತು ಅನ್ನುವುದು. ಮರಿ ಡ್ರ್ಯಾಗನ್‌ಗಳ ಕಾಯಿಲೆಯಲ್ಲಿ ಬಹಳಷ್ಟು ಮರಿಯ ಒಳಗಿಂದ ಬಂದದ್ದಲ್ಲ, ಅದು ಇರುವ ಪೆಟ್ಟಿಗೆಯಿಂದ ಬಂದದ್ದು. ಇದು ಆಸ್ಟ್ರೇಲಿಯಾದ ಒಳನಾಡಿನ ಒಣ ಬಯಲಿನ ಪ್ರಾಣಿ, ನಮ್ಮ ಓತಿಕ್ಯಾತದ ಕುಟುಂಬದ್ದೇ. ಅಲ್ಲಿ ಅದು ಬೇಲಿಗೂಟದ ಮೇಲೋ ಒಣ ಮರದ ಮೇಲೋ ಹತ್ತಿ ನೇರ ಬಿಸಿಲಿಗೆ ಮೈಯೊಡ್ಡಿ ಕೂರುತ್ತದೆ. ಆ ಬಿಸಿಲಿನಲ್ಲಿ ಅದಕ್ಕೆ ಎರಡು ಬೇರೆ ಬೇರೆ ವಸ್ತು ಒಟ್ಟಿಗೆ ಸಿಗುತ್ತವೆ: ಶಾಖ ಮತ್ತು ಯುವಿಬಿ, ಅಂದರೆ ನೇರಳಾತೀತ ಕಿರಣಗಳಲ್ಲಿ ಒಂದು ಬಗೆ. ಯುವಿಬಿ ಚರ್ಮಕ್ಕೆ ಬಿದ್ದಾಗ ಅಲ್ಲಿರುವ ಒಂದು ಕೊಬ್ಬಿನಂಥ ವಸ್ತು ವಿಟಮಿನ್ ಡಿ3ಯ ಹಿಂದಿನ ರೂಪಕ್ಕೆ ಬದಲಾಗುತ್ತದೆ. ಅದು ನಿಜವಾದ ಡಿ3 ಆಗಬೇಕಾದರೆ ಮೈ ಬಿಸಿ ಬೇಕು. ಆಮೇಲೆ ಯಕೃತ್ತು, ಮೂತ್ರಪಿಂಡ ಅದನ್ನು ಕೆಲಸಕ್ಕೆ ಬರುವ ರೂಪಕ್ಕೆ ತರುತ್ತವೆ. ಆ ಡಿ3 ಇದ್ದರೆ ಮಾತ್ರ ಕರುಳು ಊಟದಲ್ಲಿರುವ ಕ್ಯಾಲ್ಸಿಯಂ ಅನ್ನು ಸರಿಯಾಗಿ ಹೀರಿಕೊಳ್ಳುತ್ತದೆ. ಹೀರಿಕೊಳ್ಳಲು ಆಗದಿದ್ದರೆ ದೇಹ ಸುಮ್ಮನಿರುವುದಿಲ್ಲ, ಹೃದಯ ಮತ್ತು ಸ್ನಾಯು ನಡೆಯಬೇಕಲ್ಲ, ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ದೊಡ್ಡ ಪ್ರಾಣಿಯಲ್ಲಿ ಇದು ನಿಧಾನವಾಗಿ ನಡೆಯುತ್ತದೆ. ವಾರದಿಂದ ವಾರಕ್ಕೆ ಉದ್ದವಾಗುವ ಮರಿಯಲ್ಲಿ ಕೆಲವೇ ವಾರ ಸಾಕು. ಕೆಳದವಡೆ ಮೆತ್ತಗಾಗುತ್ತದೆ, ಮುಂಗಾಲು ಬಾಗುತ್ತದೆ, ಬೆನ್ನು ಗಂಟುಗಂಟಾಗುತ್ತದೆ. ಬಾಗಿದ ಮೂಳೆ ಆಮೇಲೆ ಗಟ್ಟಿಯಾಗಬಹುದು, ಆದರೆ ಬಾಗಿದ ಹಾಗೇ ಗಟ್ಟಿಯಾಗುತ್ತದೆ.

ಹಾಗಾಗಿ ನಿಮ್ಮ ಸುರುಳಿ ಬಲ್ಬನ್ನು ನಾನು ನಂಬುವುದಿಲ್ಲ. ಸ್ಟಾರ್ಟರ್ ಕಿಟ್ ಅಂತ ಕೊಡುವ ಪೆಟ್ಟಿಗೆಗಳಲ್ಲಿ ಇದನ್ನೇ ಹಾಕಿರುತ್ತಾರೆ, ನನಗೆ ಈ ಕಿಟ್‌ಗಳ ಮೇಲೆ ಇರುವ ಸಿಟ್ಟು ಅಷ್ಟಿಷ್ಟಲ್ಲ. ಸುರುಳಿ ಬಲ್ಬಿನ ಯುವಿಬಿ ಒಂದು ಸಣ್ಣ ಜಾಗಕ್ಕೆ ಮಾತ್ರ ಬೀಳುತ್ತದೆ, ಸ್ವಲ್ಪ ದೂರ ಹೋದರೆ ಬಹುತೇಕ ಏನೂ ಇರುವುದಿಲ್ಲ. ಬೇಕಾದದ್ದು ಉದ್ದನೆಯ ಟಿ5 ಹೈ ಔಟ್‌ಪುಟ್ ಟ್ಯೂಬ್, 10ರಿಂದ 12 ಶೇಕಡಾ ಯುವಿಬಿ ಅಂತ ಬರೆದಿರುವುದು, ಹಿಂದೆ ಪ್ರತಿಫಲಕ ಇರುವ ಫಿಟ್ಟಿಂಗ್‌ನಲ್ಲಿ. ಉದ್ದ ಟ್ಯಾಂಕಿನ ಅರ್ಧದಿಂದ ಮೂರನೇ ಎರಡು ಭಾಗ ಇರಲಿ. ಶಾಖದ ದೀಪ ಇರುವ ಕಡೆಗೇ ಅದೂ ಇರಬೇಕು, ಮೈ ಕಾಯಿಸುವ ಜಾಗದಲ್ಲಿ ಎರಡೂ ಒಟ್ಟಿಗೆ ಮೇಲಿಂದ ಬೀಳಬೇಕು. ಒಂದು ತುದಿಯಲ್ಲಿ ಶಾಖ, ಇನ್ನೊಂದು ತುದಿಯಲ್ಲಿ ಯುವಿ ಇಟ್ಟರೆ ಮರಿ ಶಾಖದ ಕಡೆ ಕೂತಿರುತ್ತದೆ, ಯುವಿ ಖಾಲಿ ನೆಲಕ್ಕೆ ಬೀಳುತ್ತಿರುತ್ತದೆ.

ಎಷ್ಟು ದೂರ ಅನ್ನುವುದು ಟ್ಯೂಬನ್ನು ಅವಲಂಬಿಸಿದೆ, ತಯಾರಕರು ಕೊಟ್ಟ ಪಟ್ಟಿ ನೋಡಿ. ಸಾಮಾನ್ಯವಾಗಿ ನಡುವೆ ಜಾಲರಿ ಇಲ್ಲದಿದ್ದರೆ ಮರಿಯ ಬೆನ್ನಿಗೂ ಟ್ಯೂಬಿಗೂ 30ರಿಂದ 40 ಸೆಂಟಿಮೀಟರ್. ಜಾಲರಿಯ ಮೇಲೆ ಇಟ್ಟರೆ ಸಣ್ಣ ಕಣ್ಣಿನ ಜಾಲರಿ ಮೂರನೇ ಒಂದು ಭಾಗ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿಯೇ ಯುವಿಬಿ ತಡೆದುಬಿಡುತ್ತದೆ, ಆಗ ಇನ್ನಷ್ಟು ಹತ್ತಿರ ಬೇಕು. ಯುವಿ ಸೂಚ್ಯಂಕ ಅಳೆಯುವ ಮೀಟರ್ ಯಾರಾದರೂ ಸಾಕುವವರ ಹತ್ತಿರ ಇದ್ದರೆ ಒಂದು ದಿನಕ್ಕೆ ಕೇಳಿ ತನ್ನಿ, ಮೈ ಕಾಯಿಸುವ ಜಾಗದಲ್ಲಿ 3ರಿಂದ 5ರ ನಡುವೆ ತೋರಿಸಿದರೆ ಸಾಕು. ಗಾಜು ಮತ್ತು ಪ್ಲಾಸ್ಟಿಕ್ ಮುಚ್ಚಳದ ಮೂಲಕ ಯುವಿಬಿ ಹೆಚ್ಚು ಕಮ್ಮಿ ದಾಟುವುದೇ ಇಲ್ಲ, ಹಾಗಾಗಿ ಕಿಟಕಿ ಪಕ್ಕ ಟ್ಯಾಂಕ್ ಇಟ್ಟಿದ್ದೇವೆ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಉಲ್ಟಾ ಅಪಾಯ ಅದು, ಬಿಸಿಲು ಬಿದ್ದ ಗಾಜಿನ ಪೆಟ್ಟಿಗೆ ಕೆಲವೇ ನಿಮಿಷದಲ್ಲಿ ಮರಿಯನ್ನು ಕೊಲ್ಲುವಷ್ಟು ಬಿಸಿಯಾಗುತ್ತದೆ. ಹೊರಗಿನ ಬಿಸಿಲು ಕೊಡಬೇಕಾದರೆ ಜಾಲರಿ ಪಂಜರದಲ್ಲಿ, ಅರ್ಧ ನೆರಳು ಇರುವಂತೆ, ನೀವು ಅಲ್ಲೇ ಕೂತು ಕೊಡಿ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ: ಟ್ಯೂಬ್ ಚೆನ್ನಾಗಿ ಉರಿಯುತ್ತಿದೆ ಅಂದ ಮಾತ್ರಕ್ಕೆ ಯುವಿಬಿ ಬರುತ್ತಿದೆ ಅಂತ ಅಲ್ಲ. ಬೆಳಕು ಹಾಗೇ ಇರುತ್ತದೆ, ಯುವಿಬಿ ಕಮ್ಮಿಯಾಗುತ್ತಾ ಬರುತ್ತದೆ. ಟಿ5 ಟ್ಯೂಬನ್ನು ವರ್ಷಕ್ಕೊಮ್ಮೆ ಬದಲಾಯಿಸಿ, ಹಾಕಿದ ತಾರೀಖನ್ನು ಫಿಟ್ಟಿಂಗ್ ಮೇಲೆ ಪೆನ್ನಿನಲ್ಲಿ ಬರೆದಿಡಿ. ಹಗಲು ದೀಪ 12ರಿಂದ 14 ಗಂಟೆ ಉರಿಯಲಿ, ಒಂದು ಟೈಮರ್ ಹಾಕಿಬಿಟ್ಟರೆ ತಲೆನೋವಿಲ್ಲ.

ಈಗ ಶಾಖ. ಗಾಜಿಗೆ ಅಂಟಿಸಿದ ಥರ್ಮಾಮೀಟರ್ ತೋರಿಸುವುದು ಗಾಜಿನ ಪಕ್ಕದ ಗಾಳಿಯ ಬಿಸಿ, ಅದೂ ಅಂದಾಜಿಗೆ. ಮರಿ ಕೂರುವ ಕಲ್ಲು ಎಷ್ಟು ಬಿಸಿ ಇದೆ ಅಂತ ಅದಕ್ಕೆ ಗೊತ್ತೇ ಇಲ್ಲ. ಮೇಲ್ಮೈ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ಒಂದನ್ನು ತನ್ನಿ, ತಂಪು ಕಡೆಗೆ ತುದಿಯಲ್ಲಿ ತಂತಿ ಇರುವ ಡಿಜಿಟಲ್ ಥರ್ಮಾಮೀಟರ್ ಹಾಕಿ. ಮರಿಗೆ ಮೈ ಕಾಯಿಸುವ ಜಾಗದ ಮೇಲ್ಮೈ 38ರಿಂದ 42 ಡಿಗ್ರಿ ಸೆಲ್ಸಿಯಸ್ ಇರಲಿ, ತಂಪು ತುದಿ 24ರಿಂದ 28. ಈ ಎರಡರ ನಡುವಿನ ವ್ಯತ್ಯಾಸವೇ ಮುಖ್ಯ. ಅದು ತನ್ನ ಮೈಬಿಸಿಯನ್ನು ಒಳಗಿಂದ ಸರಿಮಾಡಿಕೊಳ್ಳಲಾರದು, ಜಾಗ ಬದಲಾಯಿಸಿ ಸರಿಮಾಡಿಕೊಳ್ಳುತ್ತದೆ. ಇಡೀ ಟ್ಯಾಂಕ್ 35 ಡಿಗ್ರಿ ಇದ್ದರೆ ಓಡಿಹೋಗಲು ಜಾಗವಿಲ್ಲ, ಇಡೀ ಟ್ಯಾಂಕ್ 30 ಇದ್ದರೆ ತಿಂದದ್ದು ಅರಗುವುದಿಲ್ಲ. ನಿಮ್ಮ ಮರಿ ತಿನ್ನದಿರುವುದಕ್ಕೆ ಇದೂ ಒಂದು ಕಾರಣ ಇರಬಹುದು. ಹೊಟ್ಟೆಯಲ್ಲಿ ನಿನ್ನೆಯ ಹುಳ ಹಾಗೇ ಕೂತಿದ್ದರೆ ಇವತ್ತಿನದ್ದು ಯಾರಿಗೆ ಬೇಕು?

ಕೆಂಪು ದೀಪ ತೆಗೆಯಿರಿ. ಅದರ ಬೆಳಕು ಡ್ರ್ಯಾಗನ್‌ಗೆ ಕಾಣುತ್ತದೆ, ನಿದ್ದೆ ಕೆಡುತ್ತದೆ. ರಾತ್ರಿ ಪೂರ್ತಿ ಕತ್ತಲು ಬೇಕು. ಕೋಣೆ ರಾತ್ರಿ 18 ಡಿಗ್ರಿಗಿಂತ ಕೆಳಗೆ ಹೋಗದಿದ್ದರೆ ಯಾವ ಶಾಖವೂ ಬೇಡ, ಹೋದರೆ ಬೆಳಕಿಲ್ಲದ ಸೆರಾಮಿಕ್ ಹೀಟರ್ ಅನ್ನು ಥರ್ಮೋಸ್ಟಾಟ್ ಜೊತೆ ಹಾಕಿ. ಬಿಸಿ ಕಲ್ಲು ಅಂತ ಮಾರುವ ವಿದ್ಯುತ್ ಕಲ್ಲು ಬೇಡವೇ ಬೇಡ. ಇವುಗಳಿಗೆ ಶಾಖ ಬೆನ್ನಿಗೆ ಬೀಳಬೇಕು, ಹೊಟ್ಟೆ ಕೆಳಗೆ ಸುಡುತ್ತಿದ್ದರೂ ಏಳದೆ ಕೂತು ಸುಟ್ಟುಕೊಂಡ ಮರಿಗಳು ಚಿಕಿತ್ಸೆಗೆ ಬರುತ್ತಲೇ ಇರುತ್ತವೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಹೊಸದಾಗಿ ಸಾಕುವವರು ಗಾಬರಿಯಾಗಿ ಕೇಳುವುದು ಇದು. ಬಿಸಿ ಜಾಗದಲ್ಲಿ ಬಾಯಿ ತೆರೆದು ಕೂತರೆ ಅದು ಕಾಯಿಲೆ ಅಲ್ಲ, ಮೈ ಸಾಕಷ್ಟು ಬಿಸಿಯಾಗಿದೆ, ಜಾಸ್ತಿಯಾದದ್ದನ್ನು ಬಾಯಿಂದ ಬಿಡುತ್ತಿದೆ ಅಷ್ಟೇ. ತಂಪು ತುದಿಯಲ್ಲಿ ಕೂತೂ ಬಾಯಿ ತೆರೆದಿದ್ದರೆ, ಉಸಿರಿನಲ್ಲಿ ಗೊರಗೊರ ಸದ್ದು ಇದ್ದರೆ, ಬಾಯಲ್ಲಿ ಲೋಳೆ ಕಂಡರೆ ಅದು ಶ್ವಾಸಕೋಶದ ಸೋಂಕು ಇರಬಹುದು, ಮತ್ತೆ ವೈದ್ಯರೇ ಗತಿ. ಗದ್ದ ಕಪ್ಪಾಗುವುದು, ಮುಂಗಾಲೊಂದನ್ನು ನಿಧಾನವಾಗಿ ಎತ್ತಿ ಗಾಳಿಯಲ್ಲಿ ಆಡಿಸುವುದು, ಹೊಟ್ಟೆ ಮೇಲೆ ಕಪ್ಪು ಗೀರು ಮೂಡುವುದು ಇವೆಲ್ಲ ಆಗಾಗ ಕಂಡರೆ ಚಿಂತೆ ಇಲ್ಲ. ಹೊಸ ಜಾಗಕ್ಕೆ ಬಂದ ಮರಿ ಮೊದಲ ವಾರ ಎರಡು ವಾರ ಹೆದರಿರುತ್ತದೆ. ದಿನವಿಡೀ ಗದ್ದ ಕಪ್ಪಾಗಿದ್ದರೆ ಮಾತ್ರ ಅದಕ್ಕೆ ನೋವೋ ಹೆದರಿಕೆಯೋ ಇದೆ ಅಂತ ಅರ್ಥ.

ಊಟದ ವಿಷಯಕ್ಕೆ ಬಂದರೆ, ಮೀಲ್‌ವರ್ಮ್ ಒಂದರಲ್ಲೇ ಮರಿ ಬೆಳೆಸಲು ಆಗುವುದಿಲ್ಲ. ಅದರ ಹೊರಕವಚ ಗಟ್ಟಿ, ಒಳಗೆ ಕೊಬ್ಬು ಜಾಸ್ತಿ, ಕ್ಯಾಲ್ಸಿಯಂ ಕಮ್ಮಿ. ಕ್ರಿಕೆಟ್ ಹುಳ (ಮಿಡತೆಯಂಥ ಕೀಟ), ಡುಬಿಯಾ ಜಿರಳೆ, ರೇಷ್ಮೆ ಹುಳ, ಬ್ಲ್ಯಾಕ್ ಸೋಲ್ಜರ್ ನೊಣದ ಮರಿಹುಳ ಇವುಗಳಲ್ಲಿ ಎರಡು ಮೂರು ಬಗೆ ಬದಲಾಯಿಸಿ ಕೊಡಿ. ಸೋಲ್ಜರ್ ನೊಣದ ಮರಿಹುಳದಲ್ಲಿ ಮಾತ್ರ ಕ್ಯಾಲ್ಸಿಯಂ ತಾನಾಗಿಯೇ ಚೆನ್ನಾಗಿರುತ್ತದೆ, ಉಳಿದ ಹೆಚ್ಚಿನ ಹುಳಗಳಲ್ಲಿ ರಂಜಕವೇ (ಫಾಸ್ಫರಸ್) ಹಲವು ಪಟ್ಟು ಜಾಸ್ತಿ. ರಂಜಕ ಜಾಸ್ತಿಯಾದಷ್ಟೂ ಕ್ಯಾಲ್ಸಿಯಂ ದೇಹಕ್ಕೆ ಸಿಗುವುದು ಕಷ್ಟ. ಪುಡಿ ಉದುರಿಸುವುದು ಇದಕ್ಕೇ. ಹುಳಗಳನ್ನು ಒಂದು ಡಬ್ಬಿಗೆ ಹಾಕಿ, ಚಿಟಿಕೆ ಕ್ಯಾಲ್ಸಿಯಂ ಪುಡಿ ಹಾಕಿ, ಅಲುಗಾಡಿಸಿ ಕೊಡಿ. ಪುಡಿಯಲ್ಲಿ ರಂಜಕ ಇರಬಾರದು. ಈ ವಯಸ್ಸಿಗೆ ಹೆಚ್ಚು ಕಮ್ಮಿ ದಿನಾ ಒಂದು ಹೊತ್ತಿನ ಊಟಕ್ಕೆ ಕ್ಯಾಲ್ಸಿಯಂ, ವಾರಕ್ಕೆ ಒಂದೆರಡು ಸಲ ಅದರ ಬದಲು ಮಲ್ಟಿವಿಟಮಿನ್ ಪುಡಿ. ಮಲ್ಟಿವಿಟಮಿನ್ ದಿನಾ ಬೇಡ, ವಿಟಮಿನ್ ಎ ಮತ್ತು ಡಿ ದೇಹದಲ್ಲಿ ಕೂಡಿಕೊಳ್ಳುತ್ತಾ ಹೋಗಿ ವಿಷವಾಗಬಹುದು. ಚರ್ಮದಲ್ಲಿ ಯುವಿಬಿಯಿಂದ ಆಗುವ ಡಿ3ಗೆ ಈ ಸಮಸ್ಯೆ ಇಲ್ಲ, ಸಾಕಾದಾಗ ಅದು ತಾನೇ ನಿಲ್ಲುತ್ತದೆ. ಪುಡಿಗಿಂತ ದೀಪ ಮೊದಲು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಟ್ಯೂಬ್ ಸರಿಯಿದ್ದರೆ ಡಿ3 ಇಲ್ಲದ ಬರೀ ಕ್ಯಾಲ್ಸಿಯಂ ಸಾಕು. ನಿಮ್ಮ ಮರಿಗೆ ಈಗ ಯಾವುದು, ಎಷ್ಟು ಅನ್ನುವುದನ್ನು ಮಾತ್ರ ವೈದ್ಯರೇ ಹೇಳಲಿ.

ಹುಳ ಎಷ್ಟು ದೊಡ್ಡದು ಇರಬೇಕು? ಮರಿಯ ಎರಡು ಕಣ್ಣಿನ ನಡುವಿನ ಅಗಲಕ್ಕಿಂತ ದೊಡ್ಡದು ಬೇಡ. ದಿನಕ್ಕೆ ಎರಡು ಮೂರು ಸಲ, ಒಂದು ಸಲಕ್ಕೆ ಹತ್ತು ಹದಿನೈದು ನಿಮಿಷದಲ್ಲಿ ಎಷ್ಟು ತಿನ್ನುತ್ತದೋ ಅಷ್ಟು. ಸಂಖ್ಯೆ ಎಣಿಸುತ್ತಾ ಕೂರಬೇಡಿ. ದೀಪ ಹತ್ತಿ ಒಂದೆರಡು ಗಂಟೆ ಮೈ ಕಾದ ಮೇಲೆ ಮೊದಲ ಊಟ ಕೊಡಿ, ದೀಪ ಆರುವ ಎರಡು ಗಂಟೆ ಮೊದಲೇ ಕೊನೆಯ ಊಟ ಮುಗಿಯಲಿ, ಇಲ್ಲವಾದರೆ ರಾತ್ರಿ ತಣ್ಣನೆ ಮೈಯಲ್ಲಿ ಹೊಟ್ಟೆ ತುಂಬಿಕೊಂಡು ಮಲಗುತ್ತದೆ. ಉಳಿದ ಕ್ರಿಕೆಟ್ ಹುಳಗಳನ್ನು ಹೆಕ್ಕಿ ತೆಗೆಯಿರಿ. ಅವು ರಾತ್ರಿ ಮಲಗಿದ ಮರಿಯನ್ನೇ ಕಚ್ಚುತ್ತವೆ, ಕಣ್ಣಿನ ರೆಪ್ಪೆ, ಬೆರಳು ಬಿಡುವುದಿಲ್ಲ. ಮತ್ತೆ, ಹುಳ ಏನು ತಿಂದಿರುತ್ತದೋ ಅದೇ ಮರಿಗೆ ಹೋಗುವುದು. ಹಸಿದ ಹುಳ ಬರೀ ಸಿಪ್ಪೆ. ಕೊಡುವ ಒಂದೆರಡು ದಿನ ಮೊದಲು ಹುಳಗಳಿಗೆ ಒಳ್ಳೆ ಸೊಪ್ಪು, ಕ್ಯಾರೆಟ್ ಹಾಕಿಡಿ.

ಹೊರಗೆ ಹಿಡಿದ ಹುಳ ಬೇಡ. ಕೀಟನಾಶಕ ಅಂಟಿರಬಹುದು, ಪರಾವಲಂಬಿ ಇರಬಹುದು. ಅದರಲ್ಲೂ ಮಿಂಚುಹುಳ. ಕೆಲವು ಮಿಂಚುಹುಳಗಳಲ್ಲಿರುವ ವಿಷ ಹೃದಯಕ್ಕೆ ಹೋಗಿ ಹೊಡೆಯುತ್ತದೆ, ದೊಡ್ಡ ಡ್ರ್ಯಾಗನ್ ಕೂಡ ಒಂದೇ ಒಂದು ಹುಳ ತಿಂದು ಸತ್ತದ್ದು ಪಶುವೈದ್ಯ ದಾಖಲೆಗಳಲ್ಲಿದೆ. ಮಗಳಿಗೆ ಇದೊಂದನ್ನು ಖಂಡಿತ ಹೇಳಿಡಿ, ಮಕ್ಕಳು ಪ್ರೀತಿಯಿಂದಲೇ ಹುಳ ಹಿಡಿದು ತಂದು ಹಾಕುತ್ತಾರೆ.

ಲೆಟ್ಯೂಸ್ ಮುಟ್ಟಲಿಲ್ಲ ಅಂತ ಬೇಜಾರು ಬೇಡ, ಅದರಲ್ಲಿ ನೀರು ಬಿಟ್ಟು ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಈ ವಯಸ್ಸಿನಲ್ಲಿ ಊಟದ ಮುಕ್ಕಾಲು ಭಾಗ ಹುಳ, ಕಾಲು ಭಾಗ ಸೊಪ್ಪು. ದೊಡ್ಡದಾದಂತೆ ಇದು ತಲೆಕೆಳಗಾಗುತ್ತದೆ, ವರ್ಷ ದಾಟಿದ ಮೇಲೆ ಸೊಪ್ಪೇ ಜಾಸ್ತಿ. ಮರಿಗಳಿಗೆ ಸೊಪ್ಪು ಅಂದರೆ ಅಷ್ಟಕ್ಕಷ್ಟೇ, ಆದರೂ ದಿನಾ ಬೆಳಿಗ್ಗೆ ಹುಳಕ್ಕಿಂತ ಮೊದಲು ಸಣ್ಣದಾಗಿ ಹೆಚ್ಚಿ ಇಡಿ. ಸಾಸಿವೆ ಸೊಪ್ಪು, ಕೊಲಾರ್ಡ್ ಸೊಪ್ಪು, ಡ್ಯಾಂಡೆಲಿಯನ್ ಎಲೆ ಒಳ್ಳೆಯವು, ತುರಿದ ಕುಂಬಳ ಸ್ವಲ್ಪ ಸೇರಿಸಿದರೆ ಬಣ್ಣಕ್ಕಾದರೂ ಬಂದು ನೋಡುತ್ತದೆ. ಸೊಪ್ಪಿನ ಮೇಲೆ ಒಂದೆರಡು ಹುಳ ಬಿಡಿ, ಹುಳ ಹಿಡಿಯುವಾಗ ಎಲೆಯೂ ಬಾಯಿಗೆ ಹೋಗುತ್ತದೆ, ನಿಧಾನವಾಗಿ ರುಚಿ ಹತ್ತುತ್ತದೆ. ಪಾಲಕ್ ದಿನಾ ಬೇಡ, ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೆಣ್ಣೆಹಣ್ಣು ವಿಷ, ಕೊಡಲೇಬೇಡಿ. ಹಣ್ಣು ಅಪರೂಪಕ್ಕೊಂದು ಚೂರು.

ನೀರಿನ ಬಟ್ಟಲು ಇಟ್ಟರೆ ಸಾಕು ಅಂದುಕೊಳ್ಳುತ್ತೇವೆ. ಎಷ್ಟೋ ಮರಿಗಳಿಗೆ ನಿಂತ ನೀರು ನೀರು ಅಂತಲೇ ತಿಳಿಯುವುದಿಲ್ಲ. ಬೆಳಿಗ್ಗೆ ಮೂತಿಯ ತುದಿಗೆ ಎರಡು ಹನಿ ಬಿಟ್ಟು ನೋಡಿ, ನೆಕ್ಕುತ್ತದೆ. ಸೊಪ್ಪಿಗೆ ನೀರು ಚಿಮುಕಿಸಿ ಇಡಿ. ವಾರಕ್ಕೆ ಒಂದೆರಡು ಸಲ ಬೆಚ್ಚಗಿನ ನೀರಲ್ಲಿ, ಭುಜ ಮುಳುಗದಷ್ಟು ಆಳದಲ್ಲಿ, ಹತ್ತು ನಿಮಿಷ ಬಿಡಬಹುದು. ಪಕ್ಕದಲ್ಲೇ ಇರಿ. ಆದರೆ ಟ್ಯಾಂಕಿಗೆಲ್ಲ ನೀರು ಸಿಂಪಡಿಸಬೇಡಿ, ಒಳಗೆ ತೇವಾಂಶ 30ರಿಂದ 40 ಶೇಕಡಾ ಇದ್ದರೆ ಚೆಂದ. ನೀರು ಸಾಕಾಗುತ್ತಿದೆಯಾ ಅಂತ ಹಿಕ್ಕೆ ನೋಡಿ ತಿಳಿಯಬಹುದು. ಕಂದು ಭಾಗದ ಜೊತೆ ಬಿಳಿ ಭಾಗ ಒಂದು ಇರುತ್ತದೆ, ಅದೇ ಅದರ ಮೂತ್ರ. ಬಿಳಿಯಾಗಿ ಮೆತ್ತಗಿದ್ದರೆ ಸರಿ, ಹಳದಿಯಾಗಿ ಸುಣ್ಣದ ಚೂರಿನ ಹಾಗೆ ಗಟ್ಟಿಯಿದ್ದರೆ ನೀರು ಕಮ್ಮಿ. ಕಣ್ಣು ಗುಳಿ ಬಿದ್ದಿದ್ದರೆ ತುಂಬಾ ಕಮ್ಮಿ.

ಕ್ಯಾಲ್ಸಿಯಂ ಮರಳನ್ನು ಇವತ್ತೇ ಎತ್ತಿ ಎಸೆಯಿರಿ. ಹೊಟ್ಟೆಗೆ ಹೋದರೂ ಕರಗುತ್ತದೆ ಅಂತ ಮಾರುತ್ತಾರೆ, ಆದರೆ ಒದ್ದೆಯಾದರೆ ಅದು ಗಂಟು ಕಟ್ಟುತ್ತದೆ, ಮರಿಗೆ ಅದನ್ನು ನೆಕ್ಕುವ ಚಟ ಬೇರೆ ಹತ್ತುತ್ತದೆ. ಮರಳಿನ ವಿಷಯದಲ್ಲಿ ಸಾಕುವವರ ನಡುವೆ ಜಗಳ ಇದೆ. ಶಾಖ, ನೀರು, ಕ್ಯಾಲ್ಸಿಯಂ ಸರಿಯಿದ್ದರೆ ಆರೋಗ್ಯವಂತ ದೊಡ್ಡ ಡ್ರ್ಯಾಗನ್‌ಗೆ ಮಣ್ಣು ಮರಳಿನ ನೆಲ ತೊಂದರೆ ಕೊಡುವುದಿಲ್ಲ ಅನ್ನುವ ವಾದದಲ್ಲಿ ನನಗೂ ಅರ್ಥ ಕಾಣುತ್ತದೆ. ಕರುಳು ಕಟ್ಟಿಕೊಳ್ಳುವುದಕ್ಕೆ ಮರಳೊಂದೇ ಕಾರಣ ಅಲ್ಲ, ತಣ್ಣಗಿನ ಮೈ ಮತ್ತು ಒಣಗಿದ ಕರುಳೂ ಕಾರಣ. ಆದರೆ ಈ ಮರಿಯ ಮೈ ಈಗ ಸರಿಯಿಲ್ಲ, ಸ್ನಾಯುವಿಗೆ ಬಲವಿಲ್ಲ. ಇದಕ್ಕೆ ಪೇಪರ್ ಟವಲ್ ಸಾಕು. ಹಿಕ್ಕೆ ಹಾಕಿದ ತಕ್ಷಣ ಕಾಣುತ್ತದೆ, ಎತ್ತಿ ಹೊಸದು ಹಾಸಿದರೆ ಮುಗಿಯಿತು.

ಹಿಕ್ಕೆ ಯಾಕೆ ಅಷ್ಟು ಮುಖ್ಯ ಅಂದರೆ, ಕಾಕ್ಸಿಡಿಯಾ ಅನ್ನುವ ಕರುಳಿನ ಪರಾವಲಂಬಿ ಮರಿಗಳಲ್ಲಿ ಬಹಳ ಸಾಮಾನ್ಯ, ಪಿನ್‌ವರ್ಮ್ ಕೂಡ. ಸ್ವಲ್ಪ ಇದ್ದರೆ ಎಷ್ಟೋ ಮರಿಗಳು ಏನೂ ಆಗದ ಹಾಗೆ ಓಡಾಡಿಕೊಂಡಿರುತ್ತವೆ. ಜಾಗ ಬದಲಾದಾಗ, ತಣ್ಣಗಿದ್ದಾಗ, ಹೆದರಿದಾಗ ಅವು ಏಕ್‌ದಮ್ ಹೆಚ್ಚುತ್ತವೆ. ಹಿಕ್ಕೆ ನೀರಾಗಿ, ತೀರಾ ದುರ್ನಾತ ಬರುತ್ತದೆ, ತಿಂದರೂ ಮೈ ಹತ್ತುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗೊತ್ತಾಗುತ್ತದೆ, ಔಷಧಿ ಇದೆ. ಅದು ಬರೀ ಔಷಧಿಯಿಂದ ಹೋಗುವುದಿಲ್ಲ, ಟ್ಯಾಂಕನ್ನು ದಿನಾ ಶುಚಿ ಮಾಡಬೇಕು, ಮಾಮೂಲಿ ಕ್ರಿಮಿನಾಶಕಕ್ಕೆ ಅದರ ಮೊಟ್ಟೆಯಂಥ ಕೋಶಗಳು ಬಗ್ಗುವುದಿಲ್ಲ, ಬಿಸಿ ಹಬೆಗೆ ಬಗ್ಗುತ್ತವೆ. ಒರಟು ಮರದ ತುಂಡುಗಳನ್ನು ಎಸೆದುಬಿಡುವುದೇ ಸುಲಭ. ಅಡಿನೋವೈರಸ್ ಅಂತ ಇನ್ನೊಂದಿದೆ, ಮರಿಗಳನ್ನು ಬೆಳೆಯಗೊಡದೆ ಕೊಲ್ಲುತ್ತದೆ, ದೊಡ್ಡವು ಲಕ್ಷಣವೇ ಇಲ್ಲದೆ ಹೊತ್ತು ತಿರುಗುತ್ತವೆ. ಅದಕ್ಕೆ ಔಷಧಿ ಇಲ್ಲ. ದೀಪ, ಊಟ ಎಲ್ಲ ಸರಿಮಾಡಿ, ಕ್ಯಾಲ್ಸಿಯಂ ಕೊಟ್ಟೂ ಮರಿ ಚೇತರಿಸಿಕೊಳ್ಳದಿದ್ದರೆ ವೈದ್ಯರು ಅದರ ಪರೀಕ್ಷೆ ಮಾಡಿಸಲು ಹೇಳಬಹುದು.

ಗ್ರಾಂ ತೋರಿಸುವ ಅಡುಗೆ ತಕ್ಕಡಿ ಇದ್ದರೆ ವಾರಕ್ಕೊಮ್ಮೆ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಮೊಟ್ಟೆಯಿಂದ ಬಂದಾಗ ಕೆಲವೇ ಗ್ರಾಂ ಇರುವ ಮರಿ ದೊಡ್ಡದಾದಾಗ ಸಾಮಾನ್ಯವಾಗಿ 300ರಿಂದ 500 ಗ್ರಾಂ ತೂಗುತ್ತದೆ, ಅದರಲ್ಲಿ ಬಹುಪಾಲು ಬೆಳವಣಿಗೆ ಮೊದಲ ವರ್ಷದಲ್ಲೇ. ಹಾಗಾಗಿ ತೂಕ ಏರುತ್ತಲೇ ಇರಬೇಕು. ಒಂದು ವಾರ ನಿಂತರೆ ಗಮನ ಕೊಡಿ, ಎರಡು ವಾರ ನಿಂತರೆ ಅಥವಾ ಇಳಿದರೆ ಕಾರಣ ಹುಡುಕಿ. ಕಣ್ಣಂದಾಜು ಮೋಸ ಮಾಡುತ್ತದೆ, ದಿನಾ ನೋಡುವವರಿಗೆ ಸಣ್ಣಗಾದದ್ದು ಗೊತ್ತಾಗುವುದಿಲ್ಲ.

ಮರಿಗಳು ಬೇಗ ಬೇಗ ಪೊರೆ ಬಿಡುತ್ತವೆ, ಬಿಡುವ ಮುಂಚೆ ಚರ್ಮ ಮಂಕಾಗಿ ಒಂದೆರಡು ದಿನ ಊಟ ಕಮ್ಮಿ ಮಾಡುವುದು ಸಹಜ. ಪೊರೆ ಎಳೆಯಬೇಡಿ. ಬೆರಳ ತುದಿ ಮತ್ತು ಬಾಲದ ತುದಿಯಲ್ಲಿ ಉಂಗುರದಂತೆ ಉಳಿದಿದೆಯಾ ನೋಡಿ, ಉಳಿದರೆ ಬೆಚ್ಚಗಿನ ನೀರಲ್ಲಿ ನೆನೆಸಿ ಬಿಡಿಸಿ. ಬಿಗಿದರೆ ರಕ್ತ ನಿಂತು ಆ ತುದಿ ಸತ್ತುಹೋಗುತ್ತದೆ. ಹಲ್ಲಿಯ ಬಾಲದ ಹಾಗೆ ಇದರದ್ದು ಮತ್ತೆ ಬೆಳೆಯುವುದಿಲ್ಲ.

ಮಗಳು ಎತ್ತಿ ಆಡಿಸುವುದನ್ನು ಮರಿ ಗುಣವಾಗುವ ತನಕ ನಿಲ್ಲಿಸಿ. ಆಮೇಲೂ ಮೇಲಿಂದ ಕೈ ಹಾಕಬಾರದು. ಇವುಗಳ ನೆತ್ತಿಯ ಮೇಲೆ ಬೆಳಕು ನೆರಳು ಗುರುತಿಸುವ ಮೂರನೇ ಕಣ್ಣಿನಂಥ ಒಂದು ಚುಕ್ಕೆ ಇದೆ, ಮೇಲಿಂದ ನೆರಳು ಬಿದ್ದರೆ ಹದ್ದು ಬಂತು ಅಂತಲೇ ಬೆಚ್ಚುತ್ತವೆ. ಪಕ್ಕದಿಂದ ಕೈ ಚಾಚಿ, ಹೊಟ್ಟೆ ಕೆಳಗೆ ಅಂಗೈ ತೂರಿಸಿ ಎತ್ತುವುದು ಕಲಿಸಿ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲೇಬೇಕು. ನೋಡಲು ಆರೋಗ್ಯವಾಗಿರುವ ಡ್ರ್ಯಾಗನ್ ಕೂಡ ಸಾಲ್ಮೊನೆಲ್ಲಾ ಅನ್ನುವ, ಮನುಷ್ಯರಿಗೆ ಭೇದಿ ತರುವ ಬ್ಯಾಕ್ಟೀರಿಯಾ ಹೊತ್ತಿರಬಹುದು. ಟ್ಯಾಂಕಿನ ಬಟ್ಟಲುಗಳನ್ನು ಅಡುಗೆಮನೆ ಸಿಂಕಿನಲ್ಲಿ ತೊಳೆಯಬೇಡಿ, ಮುತ್ತು ಕೊಡುವುದು ಬೇಡ. ಮನೆಯಲ್ಲಿ ಐದು ವರ್ಷಕ್ಕಿಂತ ಚಿಕ್ಕ ಮಕ್ಕಳಿದ್ದರೆ ಅವರು ಮುಟ್ಟದಿರುವುದೇ ಒಳ್ಳೆಯದು.

ಕೊನೆಗೆ ಜೊತೆಯ ಪ್ರಶ್ನೆ. ಬೇಡ. ಡ್ರ್ಯಾಗನ್ ಒಂಟಿ ಪ್ರಾಣಿ, ಅದಕ್ಕೆ ಒಂಟಿತನ ಕಾಡುವುದಿಲ್ಲ. ಎರಡು ಮರಿಗಳು ಒಂದರ ಮೇಲೊಂದು ಮಲಗಿರುವ ಫೋಟೋ ನೋಡಿ ಎಷ್ಟು ಪ್ರೀತಿ ಅಂತ ಅನ್ನುತ್ತೇವೆ ಅಲ್ವಾ, ಅಲ್ಲಿ ನಡೆಯುತ್ತಿರುವುದು ಮೇಲಿನದ್ದು ಕೆಳಗಿನದ್ದರ ಬಿಸಿಲನ್ನು ಕಿತ್ತುಕೊಳ್ಳುವುದು. ಬಲವಾದದ್ದು ಊಟವನ್ನೂ ಕಿತ್ತುಕೊಳ್ಳುತ್ತದೆ, ಇನ್ನೊಂದರ ಬೆರಳು, ಬಾಲದ ತುದಿಯನ್ನು ಹುಳ ಅಂತ ಕಚ್ಚಿ ತುಂಡು ಮಾಡುತ್ತದೆ. ಈಗಿರುವ ಮರಿಯಲ್ಲಿ ಪರಾವಲಂಬಿಯೋ ವೈರಸ್ಸೋ ಇದ್ದರೆ ಹೊಸದಕ್ಕೂ ಅಂಟುತ್ತದೆ. ಎರಡನೆಯದಕ್ಕೆ ಇಟ್ಟಿರುವ ದುಡ್ಡಲ್ಲಿ ಮೊದಲು ಟ್ಯೂಬ್, ಆಮೇಲೆ ಇನ್‌ಫ್ರಾರೆಡ್ ಗನ್ ತನ್ನಿ. ಮಿಕ್ಕಿದ್ದನ್ನು ದೊಡ್ಡ ಪೆಟ್ಟಿಗೆಗೆ ಎತ್ತಿಡಿ, ವರ್ಷ ತುಂಬುವ ಹೊತ್ತಿಗೆ ಇದೊಂದಕ್ಕೇ ಕನಿಷ್ಠ 120 ಸೆಂಟಿಮೀಟರ್ ಉದ್ದ, 60 ಅಗಲ, 60 ಎತ್ತರದ ಮನೆ ಬೇಕಾಗುತ್ತದೆ.